ಕಾಡಂಚಿನ ಒಂದೂವರೆ ಎಕರೆಯಲ್ಲಿ ಜಿಂಕೆಗಳಿಗಾಗಿ ನಾಟಿ ಪೊದೆಗಿಡಗಳು: ಯಾವುದಕ್ಕೆ ಕಡ್ಡಿ, ಯಾವುದಕ್ಕೆ ಬೀಜ?

ಪ್ರಶ್ನೆ: ಕಪಿಲಾತೀರ (ಎಚ್.ಡಿ. ಕೋಟೆ)

ಎಲ್ಲರಿಗೂ ನಮಸ್ಕಾರ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಮಗೆ ಏಳು ಎಕರೆ ಖುಷ್ಕಿ ಜಮೀನಿದೆ. ಐದೂವರೆ ಎಕರೆಯಲ್ಲಿ ರಾಗಿ, ಹುರುಳಿ, ಹತ್ತಿ ಬೆಳೆಯುತ್ತೇವೆ. ಉಳಿದ ಒಂದೂವರೆ ಎಕರೆ ಕಾಡಿನ ಕಡೆಗೆ ಇಳಿಜಾರಾಗಿದ್ದು, ಕಲ್ಲು ಹೆಚ್ಚಾಗಿರುವುದರಿಂದ ನಮ್ಮ ತಂದೆಯವರ ಕಾಲದಿಂದಲೂ ಅಲ್ಲಿ ನೇಗಿಲು ಹೂಡಿಲ್ಲ. ಅದರ ಬೆನ್ನಿಗೇ ಆನೆ ಕಂದಕವಿದೆ. ಕಂದಕ ಒಂದು ಕಡೆ ಕುಸಿದು ತುಂಬಿಕೊಂಡಿದ್ದು, ಜಿಂಕೆಗಳು ಅಲ್ಲಿಂದಲೇ ಬಂದು ಹೋಗುತ್ತವೆ.

ಈ ತುಂಡಿನ ತುಂಬ ಲಂಟಾನ ಹಬ್ಬಿತ್ತು. ಅದನ್ನು ತೆಗೆದು, ನಾಟಿ ಪೊದೆಗಳನ್ನು ಬೆಳೆಸಿ, ಜಿಂಕೆಗಳಿಗೆ ಮೇವು ಮತ್ತು ಮರೆ ಎರಡನ್ನೂ ಒದಗಿಸಬೇಕೆಂಬುದು ನನ್ನ ಮತ್ತು ನನ್ನ ಮಗಳ ಬಹುದಿನದ ಆಸೆ. ಕಳೆದ ಡಿಸೆಂಬರ್‌ನಲ್ಲಿ ಜೆಸಿಬಿ ತರಿಸಿ ಎರಡು ದಿನಗಳಲ್ಲಿ ಎಲ್ಲವನ್ನೂ ಕಿತ್ತು ಹಾಕಿಸಿದೆವು. ಲಂಟಾನದ ನಡುವೆ ಅಲ್ಲೊಂದು ಇಲ್ಲೊಂದು ಇದ್ದ ಕಾರೆ, ಎಡಮುರಿ, ದಡಸಲಿನ ಗಿಡಗಳೂ ಅದರ ಜೊತೆಯಲ್ಲೇ ಹೋದವು. ಅದಕ್ಕೆ ಮುಂಚೆ ಹೆಣ್ಣು ಜಿಂಕೆಗಳು ಮರಿಗಳೊಂದಿಗೆ ಬೆಳಗಿನ ಹೊತ್ತು ಅಲ್ಲಿ ಮಲಗಿರುತ್ತಿದ್ದವು. ಈಗ ಕಂದಕದ ಅಂಚಿಗೆ ಬಂದು, ಬಯಲಾದ ನೆಲವನ್ನು ನೋಡಿ, ಮುಂಗಾಲನ್ನು ಎರಡು ಸಲ ನೆಲಕ್ಕೆ ಬಡಿದು ಹಿಂದಿರುಗುತ್ತವೆ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ನರ್ಸರಿಗಳಲ್ಲಿ ಕೇಳಿದರೆ ಸಿಲ್ವರ್ ಓಕ್, ತೇಗ, ಮಹಾಗನಿ ಸಿಗುತ್ತವೆಯೇ ಹೊರತು ಕವಳೆ, ಬಿಕ್ಕೆ, ಕಾರೆಯ ಸಸಿಗಳು ಸಿಗುವುದಿಲ್ಲ. ಆದ್ದರಿಂದ ಕಡ್ಡಿಗಳಿಂದಲೇ ಸಸಿ ಮಾಡಿಕೊಳ್ಳೋಣವೆಂದು ಮಾರ್ಚ್ ಕೊನೆಯಲ್ಲಿ ನಮ್ಮ ಬದುಗಳ ಮೇಲಿನ ಗಿಡಗಳಿಂದ ಲಕ್ಕಿ, ಕವಳೆ, ಎಲಚಿ, ಬಿಕ್ಕೆ ಇವುಗಳ ತಲಾ ನಲವತ್ತು ಕಡ್ಡಿಗಳನ್ನು ಕತ್ತರಿಸಿ, ಕೆಮ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿದ ಪಾಲಿಥೀನ್ ಚೀಲಗಳಲ್ಲಿ ನೆಟ್ಟು, ಹೊಂಗೆಮರದ ನೆರಳಿನಲ್ಲಿಟ್ಟೆ. ಲಕ್ಕಿಯಲ್ಲಿ ಮೂವತ್ತಾರು ಬದುಕಿದವು. ಕವಳೆಯ ಕಡ್ಡಿಗಳು ಎರಡು ವಾರಗಳಲ್ಲಿ ಚಿಗುರೊಡೆದವು, ಮಗಳು ಓಡಿಬಂದು ಹೇಳಿದಳು, ನಾವೂ ಸಂತೋಷಪಟ್ಟೆವು. ಐದನೆಯ ವಾರಕ್ಕೆ ಆ ಚಿಗುರುಗಳೆಲ್ಲ ಬಾಡಿ ತಲೆಬಾಗಿಸಿದವು. ಒಂದನ್ನು ಕಿತ್ತು ತೊಳೆದು ನೋಡಿದರೆ ಬುಡದಲ್ಲಿ ಬೇರಿನ ಎಳೆ ಒಂದೂ ಇಲ್ಲ. ಕತ್ತರಿಸಿದ ಜಾಗದ ಸುತ್ತ ಅಕ್ಕಿಕಾಳಿನಷ್ಟು ದಪ್ಪದ, ಬಿಳಿಚಿಕೊಂಡ ಗಂಟುಗಂಟಾದ ಊತವೊಂದು ಮಾತ್ರ ಇತ್ತು. ಎಲಚಿ ಮತ್ತು ಬಿಕ್ಕೆಯ ಕಡ್ಡಿಗಳು ಚಿಗುರದೆಯೇ ಕಪ್ಪಾದವು.

ಯಾವ ಗಿಡಗಳನ್ನು ಕಡ್ಡಿಯಿಂದ ಬೆಳೆಸಬಹುದು, ಯಾವುದಕ್ಕೆ ಬೇರೆ ದಾರಿ ನೋಡಬೇಕು, ನೆಟ್ಟ ಸಸಿಯನ್ನು ಬೇರೂರುವ ಮೊದಲೇ ಜಿಂಕೆಗಳು ತಿಂದುಹಾಕದಂತೆ ಏನು ಮಾಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಹಳೆಯ ಸಸಿಮಡಿ (ಹುಣಸೂರು)

ಸ್ವಾಮಿ, ನಿಮ್ಮ ಕವಳೆಯ ಕಡ್ಡಿಗೆ ಏನಾಯಿತೆಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಸಸಿಮಡಿಗಳಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದ ನಾನೂ ಆರಂಭದ ದಿನಗಳಲ್ಲಿ ಇದೇ ಚಿಗುರನ್ನು ನಂಬಿ ಮೋಸ ಹೋಗಿದ್ದೇನೆ. ಕಡ್ಡಿ ತನ್ನೊಳಗೆ ಕೂಡಿಟ್ಟ ಸತ್ವದಿಂದಲೇ ಮೊದಲ ಎಲೆಗಳನ್ನು ಬಿಡುತ್ತದೆ. ಅದಕ್ಕೆ ಬೇರು ಬೇಕಾಗಿಲ್ಲ. ಬೇರು ಬರುವ ಮುನ್ನವೇ ಎಲೆ ಬಿಚ್ಚಿದರೆ, ಆ ಎಲೆಗಳು ಬಿಸಿಲಿಗೆ ನೀರನ್ನು ಹೊರಬಿಡುತ್ತವೆ, ಕೆಳಗಿನಿಂದ ನೀರು ಬರುವುದಿಲ್ಲ, ಕಡ್ಡಿ ಒಣಗುತ್ತದೆ. ನೀವು ಕಂಡ ಬಿಳಿಯ ಊತ ಗಾಯ ಮಾಯುವ ಗುರುತು. ಅದು ಬೇರಲ್ಲ, ಬೇರು ಬಂದೇ ಬರುತ್ತದೆಂಬ ಭರವಸೆಯೂ ಅಲ್ಲ. ಚಿಗುರನ್ನು ನೋಡಿ ಕಡ್ಡಿ ಹಿಡಿಯಿತೆಂದು ಎಂದೂ ತೀರ್ಮಾನಿಸಬೇಡಿ. ಎರಡು ತಿಂಗಳ ನಂತರ ಕಡ್ಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆಳೆದಾಗ ಮಣ್ಣು ಅದನ್ನು ಬಿಗಿಯಾಗಿ ಹಿಡಿದುಕೊಂಡರೆ ಮಾತ್ರ ಬೇರು ಬಂದಿದೆ ಎಂದು ತಿಳಿಯಿರಿ.

ಮೈಸೂರು, ಮಂಡ್ಯ ಸೀಮೆಯವರಿಗೆ ಕಡ್ಡಿ ನೆಡುವ ವಿದ್ಯೆ ಹೊಸದೇನಲ್ಲ. ರೇಷ್ಮೆ ಸಾಕಿದ ಪ್ರತಿ ಮನೆಯಲ್ಲಿಯೂ ಹಿಪ್ಪುನೇರಳೆ ಕಡ್ಡಿಯನ್ನು ಕತ್ತರಿಸಿದ ಕೈಗಳಿವೆ. ಅದೇ ಪದ್ಧತಿ ಇಲ್ಲಿಯೂ ನಡೆಯುತ್ತದೆ: ಆರರಿಂದ ಎಂಟು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ರೆಂಬೆ, ಸುಮಾರು 20 ಸೆಂಟಿಮೀಟರ್ ಉದ್ದ, ಮೂರು ನಾಲ್ಕು ಕಣ್ಣು (ಚಿಗುರೊಡೆಯುವ ಗೆಣ್ಣು), ಕೆಳಗೆ ಕಣ್ಣಿಗೆ ತಾಗಿದಂತೆ ಓರೆಯಾಗಿ, ಮೇಲೆ ಕಣ್ಣಿಗಿಂತ ಅರ್ಧ ಅಂಗುಲ ಬಿಟ್ಟು ನೇರವಾಗಿ ಕತ್ತರಿಸಬೇಕು. ಹೀಗೆ ಕತ್ತರಿಸಿದರೆ ನೂರಾರು ಕಡ್ಡಿಗಳ ಕಟ್ಟಿನಲ್ಲಿಯೂ ಯಾವುದು ತಲೆ, ಯಾವುದು ಬುಡ ಎಂಬ ಗೊಂದಲವಾಗುವುದಿಲ್ಲ. ಮೂರರಲ್ಲಿ ಎರಡು ಭಾಗ ಮಣ್ಣಿನೊಳಗಿರಲಿ. ಆದರೆ ನೀವು ಮಾಡಿದ ಒಂದು ತಪ್ಪು ಕೊಟ್ಟಿಗೆ ಗೊಬ್ಬರ. ಬೇರಿಲ್ಲದ ಕಡ್ಡಿಗೆ ಗೊಬ್ಬರದಿಂದ ಲಾಭವಿಲ್ಲ, ಕೊಳೆಯುವುದಕ್ಕೆ ಅದು ದಾರಿಯಾಗುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಅರ್ಧ ಕೆಮ್ಮಣ್ಣು, ಅರ್ಧ ದಪ್ಪ ಮರಳು ಸಾಕು. ಗೆದ್ದಲಿಗೆ ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಗೊಬ್ಬರವನ್ನು ಬೇರು ಬಂದ ಮೇಲೆ, ದೊಡ್ಡ ಚೀಲಕ್ಕೆ ಬದಲಾಯಿಸುವಾಗ ಕೊಡಿ.

ಕಾಲದ ವಿಷಯದಲ್ಲಿ ನೀವು ತಿಂಗಳಷ್ಟು ತಡಮಾಡಿದಿರಿ. ಎಲೆಯುದುರುವ ಗಿಡಗಳ ಕಡ್ಡಿಯನ್ನು ಫೆಬ್ರವರಿಯಲ್ಲಿ, ಹೊಸ ಚಿಗುರು ಮೂಡುವ ಮೊದಲು ತೆಗೆಯಬೇಕು. ಮಾರ್ಚ್ ಕೊನೆಗೆ ಮರ ತನ್ನ ಸತ್ವವನ್ನೆಲ್ಲ ಚಿಗುರಿಗೆ ಹರಿಸಿರುತ್ತದೆ. ಫೆಬ್ರವರಿಯಲ್ಲಿ ನೆಟ್ಟ ಕಡ್ಡಿ ಭರಣಿ ಮಳೆಯ ಹೊತ್ತಿಗೆ ಬೇರು ಬಿಟ್ಟು, ಆರಿದ್ರಾ ಮಳೆಗೆ ನೆಲಕ್ಕೆ ಇಳಿಸಲು ಸಿದ್ಧವಾಗುತ್ತದೆ.

ಇನ್ನು ಯಾವ ಗಿಡ ಎಂಬ ಮುಖ್ಯ ಮಾತು. ಕಡ್ಡಿಯಿಂದ ಸುಲಭವಾಗಿ ಬರುವ ನಮ್ಮ ಪೊದೆಗಳಲ್ಲಿ ಹೆಚ್ಚಿನವನ್ನು ಜಿಂಕೆ ತಿನ್ನುವುದಿಲ್ಲ, ಜಿಂಕೆ ಇಷ್ಟಪಟ್ಟು ತಿನ್ನುವ ಪೊದೆಗಳಲ್ಲಿ ಹೆಚ್ಚಿನವು ಕಡ್ಡಿಯಿಂದ ಬರುವುದಿಲ್ಲ. ಇದನ್ನು ಕೇಳಿ ನಿರಾಶರಾಗಬೇಡಿ, ನಿಮ್ಮ ಕೆಲಸಕ್ಕೆ ಇದೇ ಅನುಕೂಲ. ಲಕ್ಕಿ ನೂರಕ್ಕೆ ತೊಂಬತ್ತು ಬರುತ್ತದೆಂದು ನೀವೇ ಕಂಡಿದ್ದೀರಿ. ಆಡುಸೋಗೆಯೂ ಹಾಗೆಯೇ ಬರುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ, ಆದರೆ ಆಡುಸೋಗೆಯ ಕಹಿಯನ್ನು ಆಡು ಮುಟ್ಟುವುದಿಲ್ಲ. ಮುಂಡುಗಳ್ಳಿಯ ತುಂಡುಗಳನ್ನು ನಾಲ್ಕೈದು ದಿನ ನೆರಳಿನಲ್ಲಿ ಒಣಗಿಸಿ ನೆಟ್ಟರೆ ನೀರೂ ಬೇಕಿಲ್ಲ, ಕತ್ತರಿಸುವಾಗ ಹಾಲು ಕಣ್ಣಿಗೆ ಸಿಡಿಯದಂತೆ ಮಾತ್ರ ಎಚ್ಚರವಿರಲಿ. ಈ ಮೂರನ್ನು ಅಲ್ಲಲ್ಲಿ ನಾಲ್ಕೈದು ಅಡಿ ಅಗಲದ ಬಳೆಯಾಕಾರದಲ್ಲಿ ಒತ್ತಾಗಿ ನೆಡಿ. ಒಂದು ವರ್ಷದಲ್ಲಿ ಅವು ಸೊಂಟದೆತ್ತರ ಬಂದ ಮೇಲೆ, ಆ ಬಳೆಗಳ ನಡುವೆ ಕವಳೆ, ಎಲಚಿ, ಬಿಕ್ಕೆ, ಮಗ್ಗಾರೆಯ ಬೀಜದ ಸಸಿಗಳನ್ನು ನೆಟ್ಟರೆ ಅವಕ್ಕೆ ಮರೆಯೂ ಸಿಗುತ್ತದೆ, ತೇವವೂ ಸಿಗುತ್ತದೆ.

ತಿನ್ನುವ ಗಿಡಗಳಲ್ಲಿ ಕಡ್ಡಿಗೆ ಒಗ್ಗುವುದು ಮಿಟ್ಲಿ. ಮರಗೆಲಸದವರು ಹಿಂದೆ ಉಜ್ಜುಕಾಗದದಂತೆ ಬಳಸುತ್ತಿದ್ದ ಒರಟು ಎಲೆಯ ಗಿಡ ಅದು. ಮೇಕೆ, ಜಿಂಕೆ, ಕಡವೆ ಎಲ್ಲಕ್ಕೂ ಬಹಳ ಇಷ್ಟ. ಎಷ್ಟು ತಿಂದರೂ ಮತ್ತೆ ಮತ್ತೆ ಒಡೆದು ಪೊದೆಯಾಗುತ್ತದೆ. ಅರೆಬಲಿತ ಕಡ್ಡಿಯ ಬುಡವನ್ನು 2000 ದಿಂದ 3000 ಪಿಪಿಎಂ ಐಬಿಎ (ಬೇರು ಬರಿಸುವ ಹಾರ್ಮೋನು) ಪುಡಿಯಲ್ಲಿ ಅದ್ದಿ ನೆಟ್ಟರೆ ಸಾಧಾರಣ ಫಲ ಸಿಗುತ್ತದೆ. ಆದರೆ ಮಿಟ್ಲಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದೇ ತಾಯಿಗಿಡದಿಂದ ನೂರು ಕಡ್ಡಿ ತೆಗೆದರೆ ನೂರೂ ಒಂದೇ ಲಿಂಗದವಾಗುತ್ತವೆ, ಅದು ಗಂಡಾಗಿದ್ದರೆ ಒಂದು ಹಣ್ಣೂ ಕಾಣುವುದಿಲ್ಲ. ಹಣ್ಣಿಲ್ಲದಿದ್ದರೆ ಹಕ್ಕಿಯೂ ಇಲ್ಲ, ಮುಂದಿನ ಬೀಜವೂ ಇಲ್ಲ. ಯಾವ ಗಿಡವಾದರೂ ಹತ್ತು ಹದಿನೈದು ತಾಯಿಗಿಡಗಳಿಂದ ಸ್ವಲ್ಪ ಸ್ವಲ್ಪ ಕಡ್ಡಿ ತೆಗೆಯುವುದು ಸಸಿಮಡಿಯವರು ಮರೆಯಬಾರದ ಮಾತು.

ಹಾಲವಾಣವನ್ನು ಚೀಲದಲ್ಲಿ ಬೆಳೆಸುವ ಶ್ರಮ ಬೇಡ. ಕೊಡಗಿನ ಕಾಫಿ ತೋಟದವರು ಮಾಡುವಂತೆ ಆರೇಳು ಅಡಿಯ, ತೋಳಿನ ದಪ್ಪದ ಗೂಟವನ್ನೇ ಮೊದಲ ಮಳೆಗೆ ಒಂದೂವರೆ ಅಡಿ ಆಳಕ್ಕೆ ನೆಟ್ಟು, ಮೇಲಿನ ಕತ್ತರಿಗೆ ಸಗಣಿ ಮೆತ್ತಿ. ಚಿಗುರು ಜಿಂಕೆಯ ಬಾಯಿಗೆ ಸುಲಭವಾಗಿ ನಿಲುಕದ ಎತ್ತರದಲ್ಲಿ ಬರುತ್ತದೆ, ಆಮೇಲೆ ಉದುರುವ ಎಲೆಯನ್ನು ಅದು ಆರಿಸಿಕೊಂಡು ತಿನ್ನುತ್ತದೆ.

ಉತ್ತರ: ಯದುಗಿರಿ (ಪಾಂಡವಪುರ)

ಹುಣಸೂರಿನ ಹಿರಿಯರು ಕಡ್ಡಿಯ ವಿಷಯವನ್ನು ಸಂಪೂರ್ಣವಾಗಿ ಹೇಳಿದ್ದಾರೆ. ನಾನು ನೆಲದ ವಿಷಯ ಮತ್ತು ಬೀಜದ ವಿಷಯ ಹೇಳುತ್ತೇನೆ. ನಮ್ಮ ಊರು ಮೇಲುಕೋಟೆಯ ಬೆಟ್ಟಸಾಲಿನ ಬುಡದಲ್ಲಿದೆ. ತೋಳಗಳ ರಕ್ಷಣೆಗಾಗಿ 1974ರಲ್ಲಿ ವನ್ಯಧಾಮವೆಂದು ಘೋಷಿಸಲಾದ ಆ ಕುರುಚಲು ಕಾಡನ್ನು ಚಿಕ್ಕಂದಿನಿಂದ ನೋಡಿದ ನನಗೆ, ಕುರುಚಲು ಎಂದು ನಾವು ಹಗುರವಾಗಿ ಕರೆಯುವ ಪೊದೆಗಳು ನೆಲದ ಮೇಲೆ ಕಾಣುವುದಕ್ಕಿಂತ ನೆಲದೊಳಗೆ ಹೆಚ್ಚು ಬದುಕುತ್ತವೆ ಎಂಬುದು ತಿಳಿದಿದೆ. ನಿಮ್ಮ ಜೆಸಿಬಿ ಕಿತ್ತದ್ದು ಗಿಡವನ್ನು. ಕಾರೆ, ಎಡಮುರಿ, ದಡಸಲು ಇವುಗಳ ಬೇರು ಪೂರ್ತಿಯಾಗಿ ಸತ್ತಿರುವ ಸಂಭವ ಕಡಿಮೆ. ಮುಂದಿನ ಒಳ್ಳೆಯ ಮಳೆಯಾಗಿ ಹದಿನೈದು ದಿನಗಳಾದ ಮೇಲೆ ಮಗಳನ್ನು ಕರೆದುಕೊಂಡು ಸಾಲುಸಾಲಾಗಿ ನಡೆದು ನೆಲ ನೋಡಿ. ತುಂಡಾದ ಬೇರಿನಿಂದ ಎದ್ದ ಚಿಗುರು ಎಲ್ಲೆಲ್ಲಿ ಕಂಡರೂ ಅಲ್ಲೊಂದು ಸುಣ್ಣ ಬಳಿದ ಗೂಟ ನೆಟ್ಟು, ಸುತ್ತ ಮುಳ್ಳು ಮುಚ್ಚಿ. ಹಳೆಯ ಬೇರಿನ ಬಲದಿಂದ ಬರುವ ಆ ಚಿಗುರು ಒಂದೇ ಮುಂಗಾರಿನಲ್ಲಿ ಮೊಣಕಾಲೆತ್ತರ ಬರುತ್ತದೆ. ನೀವು ಚೀಲದಲ್ಲಿ ಬೆಳೆಸುವ ಯಾವ ಸಸಿಯೂ ಅದಕ್ಕೆ ಸಮನಾಗಲಾರದು. ನಾವು ನಮ್ಮ ತುಂಡಿನಲ್ಲಿ ಹೀಗೆ ಹುಡುಕಿದಾಗ ಅರ್ಧ ಎಕರೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಬುಡಗಳು ಸಿಕ್ಕವು.

ಮುಂದೆ ಲಂಟಾನ ಮತ್ತೆ ಬಂದೇ ಬರುತ್ತದೆ. ಆಗ ಯಂತ್ರವನ್ನು ತರಬೇಡಿ. ಗುದ್ದಲಿಯಿಂದ ಬೇರಿನ ಕುತ್ತಿಗೆಯನ್ನು ನೆಲದಿಂದ ಎರಡು ಅಂಗುಲ ಕೆಳಗೆ ಕತ್ತರಿಸಿ, ಪೊದೆಯನ್ನು ಬುಡಮೇಲು ಮಾಡಿ ಒಣಗಲು ಬಿಡಿ. ನೆಲದ ಮಟ್ಟಕ್ಕೆ ಕೊಯ್ದರೆ ಒಂದಕ್ಕೆ ನಾಲ್ಕು ಕವಲೊಡೆಯುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ತೆಗೆಯದೆ ಪಟ್ಟಿಪಟ್ಟಿಯಾಗಿ, ಮೂರು ವರ್ಷಗಳಲ್ಲಿ ತೆಗೆಯಿರಿ. ಲಂಟಾನ ಮೇವಿಗೆ ಬಾರದಿದ್ದರೂ ಹುಟ್ಟಿದ ಮರಿಯನ್ನು ತಾಯಿ ಬಚ್ಚಿಡುವುದಕ್ಕೆ ಅದೇ ಮರೆಯಾಗಿರುತ್ತದೆ. ಬೇರೆ ಮರೆ ಎದ್ದು ನಿಲ್ಲುವ ತನಕ ಅದರ ಒಂದು ಪಾಲು ಉಳಿಯಬೇಕು. ನಿಮ್ಮಲ್ಲಿ ಜಿಂಕೆಗಳು ಒಳಗೆ ಬಾರದೆ ಹಿಂದಿರುಗುತ್ತಿರುವುದಕ್ಕೆ ಕಾರಣ ಮರೆ ಇಲ್ಲದಿರುವುದೇ ಇರಬೇಕು ಎಂದು ನನಗೆ ತೋರುತ್ತದೆ. ಪೂರ್ತಿ ಒಣಗಿದ ಲಂಟಾನದ ಕಡ್ಡಿಗಳನ್ನು ಸಸಿಗಳ ಸುತ್ತ ಗೂಡಿನಂತೆ ಒಟ್ಟಿ, ಅದೇ ಒಳ್ಳೆಯ ಬೇಲಿ. ಹಸಿಯಾಗಿ ಒಟ್ಟಿದರೆ ಮಳೆಗೆ ಅದೂ ಬೇರು ಬಿಡುತ್ತದೆ.

ಬೀಜದ ಮಾತಿಗೆ ಬಂದರೆ, ಕವಳೆಯ ಬೀಜ ಇಟ್ಟರೆ ಕೆಡುತ್ತದೆ. ಹಣ್ಣು ಕಪ್ಪಾಗಿ ಕಳಿತ ವಾರದಲ್ಲಿಯೇ ತಿರುಳು ತೊಳೆದು ಬಿತ್ತಬೇಕು. ಬೀಜ ಸಿಗದಿದ್ದರೆ ಕಡ್ಡಿಯ ಬದಲು ಬಾಗಿದ ರೆಂಬೆಯ ತೊಗಟೆಯನ್ನು ಸ್ವಲ್ಪ ಕೆತ್ತಿ, ಗಿಡದಿಂದ ಬೇರ್ಪಡಿಸದೆ ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲು ಹೇರಿ. ಒಂದು ಮಳೆಗಾಲ ಕಳೆದರೆ ಬೇರು ಬಂದಿರುತ್ತದೆ. ನೆಲ್ಲಿಯ ಗೊರಟೆಯನ್ನು ಬಿಸಿಲಿಗೆ ಹರಡಿದರೆ ತಾನಾಗಿ ಸಿಡಿದು ಬೀಜ ಹೊರಬರುತ್ತದೆ. ಎಲಚಿಯ ಗೊರಟೆಯನ್ನು ಮೆಲ್ಲಗೆ ಜಜ್ಜಿ ಸೀಳಬೇಕು. ನಮ್ಮಲ್ಲಿ ಸುಲಭವಾದ ದಾರಿ ಮೇಕೆ ದೊಡ್ಡಿ. ಎಲಚಿಯ ಕಾಲದಲ್ಲಿ ಮೇಕೆಗಳು ರಾತ್ರಿ ಮೆಲುಕು ಹಾಕುತ್ತ ಉಗುಳಿದ ಗೊರಟೆಗಳು ಬೆಳಿಗ್ಗೆ ಕಸ ಗುಡಿಸುವಾಗ ಮೊರದ ತುಂಬ ಸಿಗುತ್ತವೆ. ಜಿಂಕೆಯೂ ಹಾಗೆಯೇ: ನೆಲ್ಲಿಕಾಯಿ ನುಂಗಿ, ನೆರಳಿನಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಗೊರಟೆಯನ್ನು ಅಲ್ಲಿಯೇ ಉಗುಳುತ್ತದೆ. ನಿಮ್ಮ ತುಂಡಿನಲ್ಲಿ ಮಲಗಲು ನಾಲ್ಕು ನೆರಳಿನ ಜಾಗಗಳಾದರೆ ಮುಂದಿನ ಬಿತ್ತನೆಯನ್ನು ಅವೇ ಮಾಡುತ್ತವೆ.

ಇನ್ನೊಂದು ಮಾತು. ಜಿಂಕೆ ಮಳೆಗಾಲದಲ್ಲಿ ಮುಖ್ಯವಾಗಿ ಹುಲ್ಲು ಮೇಯುವ ಪ್ರಾಣಿ, ಸೊಪ್ಪು, ಹಣ್ಣು, ಹೂವಿಗೆ ಬಾಯಿ ಹಾಕುವುದು ಹುಲ್ಲು ಒಣಗಿದ ಮೇಲೆ. ಕಡವೆಯಾದರೆ ಸೊಪ್ಪನ್ನು ಹೆಚ್ಚು ತಿನ್ನುತ್ತದೆ. ಆದ್ದರಿಂದ ಒಂದೂವರೆ ಎಕರೆಯನ್ನೂ ಪೊದೆಯಿಂದ ತುಂಬಿಸಬೇಡಿ. ಅರ್ಧದಷ್ಟನ್ನು ಗರಿಕೆಗೆ ಬಿಟ್ಟು, ಅದರ ಸುತ್ತ ಪೊದೆಗಳ ಅಂಚು ಇರುವಂತೆ ನೋಡಿಕೊಳ್ಳಿ.

ಉತ್ತರ: ರಾಗಿಹೊಲ (ನಂಜನಗೂಡು)

ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಕಾಡಂಚಿನಲ್ಲಿ ರಾಗಿ ಬೆಳೆದು ರಾತ್ರಿ ಅಟ್ಟಣೆಯ ಮೇಲೆ ಕಾವಲು ಕುಳಿತವನಾಗಿ ನಾಲ್ಕು ಮಾತು ಹೇಳಲೇಬೇಕು. ಜಿಂಕೆ ಬಂದಲ್ಲಿ ಚಿರತೆಯೂ ಸೀಳುನಾಯಿಯೂ ಬರುತ್ತವೆ. ನಿಮ್ಮ ಪೊದೆಯಿಂದ ನಿಮ್ಮ ರಾಗಿ ಹೊಲಕ್ಕೆ ಎಷ್ಟು ದೂರವಿದೆ, ಪಕ್ಕದವರ ಕುರಿದೊಡ್ಡಿಗೆ ಎಷ್ಟು ದೂರವಿದೆ ಎಂಬುದನ್ನು ಮೊದಲು ಹೆಜ್ಜೆ ಹಾಕಿ ಅಳೆಯಿರಿ. ಪೊದೆಗಳನ್ನು ಕಂದಕದ ಕಡೆಗೆ ಒತ್ತಾಗಿ, ಹೊಲದ ಕಡೆಗೆ ಬರಬರುತ್ತ ವಿರಳವಾಗಿ ಇಟ್ಟು, ಹೊಲಕ್ಕೆ ತಾಗಿದ ಮೂವತ್ತು ಅಡಿಯನ್ನು ತೀರಾ ಬಯಲಾಗಿ ಬಿಡಿ. ಮರೆಯಿಲ್ಲದ ನೆಲವನ್ನು ದಾಟಲು ಜಿಂಕೆ ಹಿಂಜರಿಯುತ್ತದೆಂಬುದನ್ನು ನೀವೇ ಕಂಡಿದ್ದೀರಿ. ಅತ್ತಿ, ಬಸರಿ, ಗೋಣಿ ಇವುಗಳ ಗೂಟಗಳು ಚೆನ್ನಾಗಿ ಹಿಡಿಯುತ್ತವೆ, ಉದುರುವ ಹಣ್ಣಿಗೆ ಜಿಂಕೆಗಳು ಮುಗಿಬೀಳುತ್ತವೆ ಎಂದು ಯಾರಾದರೂ ಹೇಳಿದರೆ ಅದು ನಿಜವೇ, ಆದರೆ ಅದೇ ಮರಗಳ ಕೊಂಬೆ ಆನೆಗೂ ಪ್ರಿಯ. ಕಂದಕ ಕುಸಿದಿರುವ ಜಾಗದಲ್ಲಿ ಅವನ್ನು ನೆಡಬೇಡಿ.

ಕಡ್ಡಿ, ಬೀಜ ಎರಡನ್ನೂ ನಿಮ್ಮ ಬದು, ಗೋಮಾಳ, ಪರಿಚಯದವರ ಜಮೀನಿನಿಂದಲೇ ತನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ವನ್ಯಧಾಮ ಮತ್ತು ರಾಷ್ಟ್ರೀಯ ಉದ್ಯಾನದೊಳಗಿನಿಂದ ಅನುಮತಿಯಿಲ್ಲದೆ ಒಂದು ರೆಂಬೆಯನ್ನೂ ತರುವಂತಿಲ್ಲ. ಹಾಗೆಯೇ ನೆರೆಯ ರೈತರಿಗೆ ಮತ್ತು ನಿಮ್ಮ ವಲಯದ ಅರಣ್ಯ ಕಚೇರಿಗೆ ನೀವು ಮಾಡುತ್ತಿರುವುದನ್ನು ಮೊದಲೇ ತಿಳಿಸಿ.

ಕೊನೆಯದಾಗಿ, ಜಿಂಕೆಗಳು ಒಂದೇ ದಾರಿಯಲ್ಲಿ ಬರಲು ತೊಡಗಿದರೆ ಆ ದಾರಿಯಲ್ಲಿ ಉರುಳು ಹಾಕುವವರೂ ಬರುತ್ತಾರೆ. ನಮ್ಮ ಬೇಲಿಯಲ್ಲಿ ಎರಡು ವರ್ಷಗಳ ಹಿಂದೆ ಬೈಕಿನ ಕ್ಲಚ್ ತಂತಿಯ ಉರುಳಿಗೆ ಕುತ್ತಿಗೆ ಸಿಕ್ಕಿ ಸತ್ತಿದ್ದ ಗರ್ಭದ ಜಿಂಕೆಯನ್ನು ಕಂಡ ಮೇಲೆ, ವಾರಕ್ಕೊಮ್ಮೆ ಬೇಲಿಯುದ್ದಕ್ಕೂ ಬಗ್ಗಿ ನೋಡುತ್ತ ನಡೆಯುವುದನ್ನು ನಾನು ತಪ್ಪಿಸಿಲ್ಲ. ಆಶ್ರಯ ಕೊಡುತ್ತೇವೆಂದು ಕರೆದ ಮೇಲೆ ಈ ಕೆಲಸವೂ ನಮ್ಮದೇ.

ಕಪಿಲಾತೀರ (ಎಚ್.ಡಿ. ಕೋಟೆ)

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಒಳ್ಳೆಯ ಮಳೆಯಾಗಿ ಇಂದಿಗೆ ಹದಿನೆಂಟು ದಿನ. ಯದುಗಿರಿಯವರು ಹೇಳಿದ ಮಾತನ್ನು ಓದಿದ ಕೂಡಲೇ ಮಗಳೊಂದಿಗೆ ಹೋಗಿ ನೋಡಿದೆ ಎಂದು ಬರೆಯಬೇಕೆಂದಿದ್ದೆ, ಆದರೆ ನಿಜವಾಗಿ ಅವಳೇ ನನಗಿಂತ ಮುಂಚೆ ಹೋಗಿ ಬಂದಿದ್ದಳು. ಈ ತನಕ ಇಪ್ಪತ್ತೆರಡು ಬುಡಗಳು ಸಿಕ್ಕಿವೆ. ಎಡಮುರಿಯೇ ಹೆಚ್ಚು, ಎಲೆಯ ಮೇಲಿನ ಒರಟು ರೋಮದಿಂದ ಗುರುತಿಸಿದೆವು. ಕಾರೆ ನಾಲ್ಕು. ಮೂರು ಬುಡಗಳ ಚಿಗುರಿನ ತುದಿಗಳನ್ನು ಯಾವುದೋ ಪ್ರಾಣಿ ಆಗಲೇ ಕಚ್ಚಿದೆ, ಪಕ್ಕದಲ್ಲಿ ಗೊರಸಿನ ಗುರುತೂ ಇದೆ.

ಹೊಲದ ಕಡೆಗೆ ಮೂವತ್ತು ಅಡಿ ಬಿಡುವುದಕ್ಕೆ ಒಪ್ಪಿದ್ದೇನೆ. ಗೋಣಿ ನೆಡುವುದಿಲ್ಲ. ಹಿರಿಯರಲ್ಲಿ ಎರಡು ಪ್ರಶ್ನೆಗಳು ಉಳಿದಿವೆ: ನಮ್ಮ ಊರಿನ ಕೆರೆ ಏರಿಯ ಮೇಲೆ ಏಳೆಂಟು ಮಿಟ್ಲಿ ಗಿಡಗಳಿವೆ, ಅವುಗಳಲ್ಲಿ ಗಂಡು ಹೆಣ್ಣನ್ನು ತಿಳಿಯುವುದು ಹೇಗೆ? ಹಾಲವಾಣದ ಗೂಟಕ್ಕೆ ಜಿಂಕೆಯ ಬಾಯಿ ನಿಲುಕದಿದ್ದರೂ ಬೇರೆ ಏನಾದರೂ ಅಪಾಯವುಂಟೇ?

ಹಳೆಯ ಸಸಿಮಡಿ (ಹುಣಸೂರು)

ಹೂವಿನ ಕಾಲದಲ್ಲಿ ನೋಡಿದರೆ ಸುಲಭ. ಗಂಡು ಗಿಡದಲ್ಲಿ ಸಣ್ಣ ಹೂಗಳು ಒಟ್ಟುಗೂಡಿ ಹಸಿರು ಬಿಳುಪಿನ ಪುಟ್ಟ ಚೆಂಡಿನಂತೆ ಕಾಣುತ್ತವೆ. ಹೆಣ್ಣು ಗಿಡದಲ್ಲಿ ಉದ್ದ ತೊಟ್ಟಿನ ತುದಿಗೆ ಒಂಟಿ ಹೂವಿರುತ್ತದೆ, ಮುಂದೆ ಅದೇ ಬಟಾಣಿ ಗಾತ್ರದ ಹಳದಿ ಹಣ್ಣಾಗುತ್ತದೆ. ಹಣ್ಣು ಕಂಡ ಗಿಡಗಳಿಗೆ ಈಗಲೇ ಒಂದು ಬಟ್ಟೆಯ ಚೂರು ಕಟ್ಟಿಡಿ. ಫೆಬ್ರವರಿಯಲ್ಲಿ ಕಡ್ಡಿ ತೆಗೆಯುವಾಗ ಗುರುತು ಬೇಕಾಗುತ್ತದೆ. ಮೂರು ಪಾಲು ಹೆಣ್ಣು, ಒಂದು ಪಾಲು ಗಂಡು ಇದ್ದರೆ ಸಾಕು. ಚೀಲಗಳ ಮೇಲೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ನೆಡುವಾಗ ಬೆರೆಸಿ ನೆಡಿ.

ಹಾಲವಾಣಕ್ಕೆ ಅಪಾಯವಿರುವುದು ಬಾಯಿಯಿಂದಲ್ಲ, ಕೊಂಬಿನಿಂದ. ಗಂಡು ಜಿಂಕೆ ಕೊಂಬಿನ ಮೇಲಿನ ಮೃದು ಚರ್ಮ ಒಣಗಿದಾಗ ಎಳೆಯ ಕಾಂಡಗಳಿಗೆ ಉಜ್ಜುತ್ತದೆ. ಮೆತ್ತನೆಯ ತೊಗಟೆಯ ಗೂಟ ಒಂದೇ ರಾತ್ರಿಯಲ್ಲಿ ಸುತ್ತಲೂ ಸುಲಿದು ಹೋಗಿ, ಮೇಲಿನ ಚಿಗುರೆಲ್ಲ ಒಣಗುತ್ತದೆ. ಗೂಟ ನೆಟ್ಟ ದಿನವೇ ನೆಲದಿಂದ ಐದು ಅಡಿಯ ತನಕ ಎಲಚಿ ಮುಳ್ಳನ್ನು ಒತ್ತಾಗಿ ಸುತ್ತಿ, ಮೂರು ಕಡೆ ಕತ್ತಾಳೆ ನಾರಿನಿಂದ ಕಟ್ಟಿ. ತಂತಿ ಬೇಡ. ಗೂಟ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿಯುತ್ತದೆ, ನಾರು ಎರಡು ವರ್ಷಕ್ಕೆ ತಾನಾಗಿ ಸವೆದು ಬೀಳುತ್ತದೆ. ಕಚ್ಚಿದ ಆ ಮೂರು ಬುಡಗಳಿಗೆ ಇಂದೇ ಮುಳ್ಳು ಮುಚ್ಚಿಸಿ.